ಮೈಕ್ ಮನೆಯೊಳಗೆ, ಹಾಡು ಅಂಗಳದಲ್ಲಿ: ತೀರ್ಥಹಳ್ಳಿ ಕಡೆಯ ಒಬ್ಬರ ರೆಕಾರ್ಡಿಂಗ್

ನಮ್ಮ ದೊಡ್ಡಪ್ಪನಿಗೆ 78 ವರ್ಷ. ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಅಂಟಿಗೆ-ಪಂಟಿಗೆ ಹಾಡುವ ತಂಡದಲ್ಲಿ ಇವತ್ತಿಗೂ ಅವರದ್ದೇ ಮುಂದಿನ ದನಿ. ಆ ಹಾಡು ಉಳಿಯಲಿ ಅಂತ ಹಿಂದೊಮ್ಮೆ ಪೇಟೆಯ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದೆ. ಗೋಡೆಗೆಲ್ಲ ಸ್ಪಂಜು, ಕಿವಿಗೆ ಹೆಡ್‌ಫೋನ್, ಎದುರಿಗೆ ಯಾರೂ ಇಲ್ಲ. ಒಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುವ ಹಾಡನ್ನು ಒಬ್ಬರೇ ಹೇಗೆ ಹಾಡುವುದು? ನಾಲ್ಕು ಸಾಲಿಗೇ ನಿಲ್ಲಿಸಿದರು. ಅದಕ್ಕೂ ಕೀಬೋರ್ಡ್ ಸೇರಿಸಿ ಕೊಟ್ಟರು. ಮನೆಯಲ್ಲಿ ಯಾರೂ ಎರಡನೇ ಸಲ ಕೇಳಲಿಲ್ಲ.

ಕಳೆದ ದೀಪಾವಳಿಗೆ ಕರೆಸಿದ್ದು ತೀರ್ಥಹಳ್ಳಿ ಕಡೆಯ ಒಬ್ಬರನ್ನು. ಹಾಡು ಬರೆಯುತ್ತಾರೆ, ನಾಟಕಗಳಿಗೆ ಧ್ವನಿ ವಿನ್ಯಾಸ ಮಾಡುತ್ತಾರೆ. 1949ರಿಂದ ನೀನಾಸಂ ಇರುವ ಜಿಲ್ಲೆ ನಮ್ಮದು, ನಾಟಕದ ಸದ್ದು ನಮಗೇನು ಹೊಸದಲ್ಲ. ಆದರೆ ಇವರ ಕೆಲಸ ಶುರುವಾಗುವುದೇ ಊರಿನ ಸದ್ದಿನಿಂದ. ಹೆಂಚಿನ ಮೇಲಿನ ಮಳೆ, ತಗಡಿನ ಮೇಲಿನ ಮಳೆ, ಅಡಿಕೆ ಸೋಗೆ ಮೇಲಿನ ಮಳೆ ಎಲ್ಲ ಬೇರೆಬೇರೆಯಾಗಿ ತುಂಬಿಟ್ಟುಕೊಂಡಿದ್ದಾರೆ. ಆಗುಂಬೆಯಲ್ಲಿ ಕೂತು ಕಟ್ಟಿದ ಒಂದು ಹಾಡಿಗೆ ಮಾಡಿನಿಂದ ತೊಟ್ಟಿಕ್ಕುವ ನೀರೇ ತಾಳ, ಜಗಲಿಯಲ್ಲಿ ಕೂತು ಕೇಳಿಸಿದರು.

ನಮ್ಮಲ್ಲಿ ಒಂದು ಮೈಕನ್ನು ಅಂಗಳದಲ್ಲಿಟ್ಟರು, ಗಾಳಿ ಸದ್ದು ಬರದ ಹಾಗೆ ತುಪ್ಪಳದ ಕವಚ ಹಾಕಿ. ಇನ್ನೊಂದನ್ನು ನಡುಮನೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ.

"ಅಲ್ಲ ಮಾರಾಯ, ಹಾಡೋರು ಹೊರಗೆ, ಮೈಕ್ ಒಳಗಾ?" ಅಂದರು ದೊಡ್ಡಪ್ಪ.

"ನೀವು ಹಾಡೋದು ಒಳಗಿದ್ದೋರಿಗೆ ಅಲ್ವಾ ಗೌಡ್ರೆ?"

ಈಗ ಕೇಳಿದರೆ ಮೊದಲು ಬರೀ ಜೀರುಂಡೆ. ಆಮೇಲೆ ತೋಟದಾಚೆ ಎಲ್ಲೋ ದನಿ, ನಮ್ಮ ನಾಯಿ ಬೊಗಳಿದ್ದು, ಹಳ್ಳದ ಕಾಲುಸಂಕದ ಮೇಲೆ ಹೆಜ್ಜೆ, ಹಾಡು ಹತ್ತಿರ ಹತ್ತಿರ ಬಂದು ಬಾಗಿಲಿಗೇ ಒರಗಿ ನಿಂತ ಹಾಗೆ ಆಗುತ್ತದೆ, ಅಗಳಿ ಸರಿದ ಸದ್ದು ಬರುತ್ತದೆ, ಒಮ್ಮೆಲೇ ಅಷ್ಟೂ ದನಿ ಮನೆ ತುಂಬುತ್ತದೆ. ಮೊದಲ ಸಲ ಕೇಳಿದಾಗ ಅಮ್ಮ ಅವರ ದೀಪಕ್ಕೆ ಎರೆಯುವ ಎಣ್ಣೆ ಗಿಂಡಿ ತರೋಕೆ ಅಂತ ಎದ್ದೇಬಿಟ್ಟರು.

ಹಾಡು ಮುಗಿದ ಮೇಲೆ ಎಲ್ಲರನ್ನೂ ಒಂದು ನಿಮಿಷ ಸುಮ್ನೆ ನಿಲ್ಲಿಸಿ ಆ ಮೌನವನ್ನೂ ರೆಕಾರ್ಡ್ ಮಾಡಿಕೊಂಡರು. ಮಧ್ಯೆ ಕೆಮ್ಮು ತೆಗೆದರೆ ಆ ಜಾಗಕ್ಕೆ ಇದೇ ಮನೆಯ ಮೌನ ಬೇಕಂತೆ.

ಮೊದಲು ಕೊಟ್ಟಿದ್ದರಲ್ಲಿ ಜೀರುಂಡೆ ಜಾಸ್ತಿಯಾಗಿ ಮಾತು ಸರಿ ಕೇಳುತ್ತಿರಲಿಲ್ಲ. ಹೇಳಿದ ಮೇಲೆ ಸರಿಮಾಡಿದರು, ಆದರೆ ಎಲ್ಲ ಸೇರಿ ಒಂದೂವರೆ ತಿಂಗಳು ಹಿಡಿಯಿತು. ಫೋನೂ ಬೇಗ ಸಿಗುವುದಿಲ್ಲ. ನಾನು ಕೊಟ್ಟಿದ್ದು 6 ಸಾವಿರ, ಒಂದು ರೂಪಾಯಿಯೂ ಜಾಸ್ತಿ ಅನ್ನಿಸಲಿಲ್ಲ. ಕೇಳಿದರೆ ಕುಗ್ಗಿಸದ, 24 ಬಿಟ್‌ನ ಮೂಲ ಫೈಲನ್ನೂ ಕೊಡುತ್ತಾರೆ, ನಿಮಿಷಕ್ಕೆ ಸುಮಾರು 17 ಎಂಬಿ, ವಾಟ್ಸ್ಯಾಪಿಗೆ ಕಾಯಬೇಡಿ, ಪೆನ್‌ಡ್ರೈವ್ ಕೊಡಿ.

ದೀಪಾವಳಿಗೆ ಕರೆಸುವುದಾದರೆ ನವರಾತ್ರಿಗೆ ಮೊದಲೇ ಹೇಳಿಡಿ. ಅವತ್ತು ಫ್ರಿಜ್ ಆಫ್ ಮಾಡಿ, ಗೋಡೆ ಗಡಿಯಾರದ ಸೆಲ್ ತೆಗೆದಿಡಿ. ನಾಯಿಯನ್ನು ಮಾತ್ರ ಕಟ್ಟಬೇಡಿ.