ಚರ್ಚಾಕೂಟವೋ, ನಾಟಕ ಸಂಘವೋ?

ವಿಶ್ವವಿದ್ಯಾಲಯದ ಮೊದಲ ವರ್ಷ ಚರ್ಚಾಕೂಟದಲ್ಲಿದ್ದೆ, ಎರಡನೆಯ ವರ್ಷ ನಾಟಕ ಸಂಘದಲ್ಲಿ. ಎರಡೂ ಸೇರುವುದು ಸಂಜೆಯ ಹೊತ್ತಿಗೇ ಆದ್ದರಿಂದ ಹೊಸಬರು ಯಾವುದಾದರೂ ಒಂದನ್ನು ಆರಿಸಿಕೊಳ್ಳಲೇಬೇಕು.

ಹೆಸರು ದೊಡ್ಡದಿರುವುದು ಚರ್ಚಾಕೂಟಕ್ಕೆ. ಕೇಂಬ್ರಿಡ್ಜ್‌ನಲ್ಲಿ 1815ರಿಂದ, ಆಕ್ಸ್‌ಫರ್ಡ್‌ನಲ್ಲಿ 1823ರಿಂದ ಇಂಥ ಕೂಟಗಳಿವೆ. ನಮ್ಮಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ಪಾರ್ಲಿಮೆಂಟರಿ ಪದ್ಧತಿ: ಇಬ್ಬಿಬ್ಬರ ನಾಲ್ಕು ತಂಡ, ಸಿದ್ಧತೆಗೆ 15 ನಿಮಿಷ, ಒಬ್ಬೊಬ್ಬರಿಗೆ 7 ನಿಮಿಷದ ಮಾತು. ಮೊದಲ ನಿಮಿಷ ಮುಗಿದದ್ದೇ ಎದುರಾಳಿಗಳು ಪ್ರಶ್ನೆಗೆ ಎದ್ದು ನಿಲ್ಲಬಹುದು, ಆರನೆಯ ನಿಮಿಷದವರೆಗೂ. ವಿಷಯದ ಪರವೋ ವಿರೋಧವೋ ಎಂಬುದು ನಮ್ಮ ಆಯ್ಕೆಯಲ್ಲ. ನಾನು ಒಪ್ಪದ ವಾದವನ್ನು ಅದರ ಗಟ್ಟಿ ರೂಪದಲ್ಲಿ ಮಂಡಿಸಲು ಕಲಿತದ್ದು ಅಲ್ಲಿಯೇ. ಆ ಋಣ ದೊಡ್ಡದು. ಆದರೆ ಸ್ಪರ್ಧೆಗೆ ಹೋಗುತ್ತಿದ್ದವರು ಶಾಲೆಯಿಂದಲೇ ಮಾತು ಪಳಗಿದವರು. ಉಳಿದ ನಾವು ಹೆಚ್ಚಿನ ಸಂಜೆಗಳಲ್ಲಿ ಗಡಿಯಾರ ಹಿಡಿದು ಕುಳಿತಿರುತ್ತಿದ್ದೆವು.

ನಾಟಕ ಸಂಘದಲ್ಲಿ ಮೊದಲ ದಿನವೇ ನನ್ನ ಕೈಗೆ ನಾಟಕದ ಪ್ರತಿ ಬಂತು, ಮಾತು ಮರೆತವರಿಗೆ ಪಕ್ಕದಿಂದ ಎತ್ತಿಕೊಡುವ ಕೆಲಸ. ಸೈಡ್‌ವಿಂಗ್‌ನ ಕತ್ತಲಲ್ಲಿ ನೀಲಿ ಕಾಗದ ಸುತ್ತಿದ ಪುಟ್ಟ ಟಾರ್ಚ್, ಸಾಲಿನ ಮೇಲೆ ಬೆರಳು. ನಟಿ ಸುಮ್ಮನಾದಾಗ ಅದು ಮರೆವೋ ಪಾತ್ರದ ಮೌನವೋ ಎಂಬುದನ್ನು ಅವಳ ಉಸಿರಿನಿಂದಲೇ ತಿಳಿಯಬೇಕು. ಒಂದು ಪ್ರದರ್ಶನದಲ್ಲಿ ನಾನು ಮೌನವನ್ನು ಮರೆವೆಂದುಕೊಂಡು ಸಾಲು ಹೇಳಿಬಿಟ್ಟೆ. ಮುಂದಿನ ಸಾಲಿನವರಿಗೂ ಕೇಳಿಸಿತು. ನಿರ್ದೇಶಕಿ ಮರುದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿಯೊಂದು ಮೌನಕ್ಕೂ ಪೆನ್ಸಿಲ್ಲಿನಿಂದ ಗುರುತು ಹಾಕಿಸಿದರು. ಕೆಲಸವನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಮಾತು ಎಲ್ಲಿ ನಿಲ್ಲಬೇಕೆಂಬ ಆ ಪಾಠ ಚರ್ಚಾಕೂಟದ ವರ್ಷವಿಡೀ ನನಗೆ ಸಿಕ್ಕಿರಲಿಲ್ಲ.

ನಾಟಕಕ್ಕೆ ತೆರುವ ಬೆಲೆಯೂ ಇದೆ. ಪ್ರದರ್ಶನಕ್ಕೆ ಮುಂಚಿನ ಎರಡು ವಾರ ಓದು ಪೂರ್ತಿ ಹಿಂದೆ ಬೀಳುತ್ತದೆ. ಚರ್ಚೆಯಾದರೆ ಆ ಸಂಜೆಗೇ ಮುಗಿಯಿತು. ಪರೀಕ್ಷೆಯ ಆಸುಪಾಸಿನಲ್ಲಿ ಪ್ರದರ್ಶನ ಇಟ್ಟುಕೊಳ್ಳುವ ಸಂಘವಾದರೆ ಎರಡು ಸಲ ಯೋಚಿಸಿ.

ಚಾರಣ ಸಂಘಕ್ಕೂ ಎರಡು ಸಲ ಹೋಗಿದ್ದೆ. ಚೆನ್ನಾಗಿತ್ತು, ಅಷ್ಟರಿಂದ ತೀರ್ಪು ಕೊಡಲಾರೆ.

ಈಗಾಗಲೇ ಧೈರ್ಯವಾಗಿ ಮಾತನಾಡಬಲ್ಲವರಿಗೆ ಚರ್ಚಾಕೂಟವೇ ಸರಿ, ಅಲ್ಲಿ ಅವರ ಯೋಚನೆ ಹರಿತವಾಗುತ್ತದೆ. ಎದ್ದು ನಿಲ್ಲಲು ಹಿಂಜರಿಯುವವರಿಗೆ ನಾಟಕ ಸಂಘವನ್ನೇ ಹೇಳುತ್ತೇನೆ. ಸದಸ್ಯತ್ವದ ಹಣ ಕಟ್ಟುವ ಮೊದಲು, ಸ್ವಾಗತದ ದಿನ ಬಿಟ್ಟು ಮಾಮೂಲಿ ದಿನವೊಂದರಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು, ಮೊದಲ ವರ್ಷದವರ ಕೈಯಲ್ಲಿ ಏನಿದೆ ಎಂದು ನೋಡಿ.