ಜಪಾನಿಂದ ತರಿಸಿದ ಹಳೇ ತ್ಸುಬಾ, ಎರಡು ತಿಂಗಳ ಮೇಲೆ ರಿವ್ಯೂ

ಬಂದ ದಿನವೇ ಸ್ಟಾರ್ ಒತ್ತಿ ಸುಮ್ನಾಗೋ ವಸ್ತು ಅಲ್ಲ ಇದು, ಅದಕ್ಕೇ ಎರಡು ತಿಂಗಳು ದಿನಾ ಕೈಯಲ್ಲಿ ಹಿಡ್ಕೊಂಡು ನೋಡಿ ಈಗ ಬರೀತಿದೀನಿ. ತ್ಸುಬಾ ಅಂದ್ರೆ ಜಪಾನಿ ಕತ್ತೀಲಿ ಅಲಗಿಗೂ ಹಿಡಿಗೂ ನಡುವೆ ಕೂರೋ ಬಿಲ್ಲೆ, ಕೈ ಜಾರಿ ಅಲಗಿನ ಮೇಲೆ ಹೋಗದಂಗೆ ತಡೆಯೋದು. ನಾನು ತಗೊಂಡಿರೋದು ಎಡೋ ಕಾಲದ ಕಬ್ಬಿಣದ್ದು (1603ರಿಂದ 1868), ಮಾಡಿದೋರ ಹೆಸರು ಕೆತ್ತಿಲ್ಲ, ಸರ್ಟಿಫಿಕೇಟೂ ಇಲ್ಲ. 16 ಸಾವಿರ ಆಯ್ತು, ಪೋಸ್ಟೇಜು ಡ್ಯೂಟಿ ಬೇರೆ.

ಹೋದ ವರ್ಷ ಬೇರೆ ಒಬ್ರ ಹತ್ರ 4 ಸಾವಿರಕ್ಕೆ ಒಂದು ತಗೊಂಡು ಚೆನ್ನಾಗಿ ಏಟು ತಿಂದಿದ್ದೆ. ಫೋಟೋದಲ್ಲಿ ಲಕ್ಷಣವಾಗಿತ್ತು, ಕೈಗೆ ಬಂದಾಗ ನೋಡಿದ್ರೆ ಅಂಚಿನ ಸುತ್ತ ನಟ್ಟನಡುವೆ ಒಂದು ಸಣ್ಣ ಗೆರೆ, ಅಚ್ಚಿನ ಎರಡು ಭಾಗ ಸೇರೋ ಜಾಗ, ಅರ ಹಾಕಿ ಉಜ್ಜಿದ್ರೂ ಪೂರ್ತಿ ಹೋಗಿರ್ಲಿಲ್ಲ. ತೂತುಗಳ ಒಳಗಡೆ ಎಲ್ಲಾ ರವೆ ರವೆ. ಅಂದ್ರೆ ಬಡಿದು ಮಾಡಿದ್ದಲ್ಲ, ಎರಕ ಹೊಯ್ದ ನಕಲು. ನಾನು ನರಸಾಪುರದಲ್ಲಿ ಟೂಲ್ ರೂಮಲ್ಲಿ ಕೆಲಸ ಮಾಡೋನು, ದಿನಾ ಎರಕದ ಪೀಸ್ ಮುಟ್ಟೋನು, ಫೋಟೋ ನೋಡಿ ಮೋಸ ಹೋದ್ನಲ್ಲ ಅಂತ ಹೊಟ್ಟೆ ಉರಿದೋಯ್ತು.

ಈ ಸಲದ ಅಂಗಡಿಯವರು ಹಂಗಲ್ಲ. ಅಂಚು ಸುತ್ತ ನಾಲ್ಕು ಕಡೆಯಿಂದ ಫೋಟೋ ಕಳ್ಸಿ, ಲೈಟು ಸೈಡಿಂದ ಬೀಳ್ಲಿ ಅಂತ ಕೇಳ್ದೆ, ಮಾರನೇ ದಿನ ಹನ್ನೊಂದು ಫೋಟೋ ಬಂತು, ಜೊತೆಗೆ ಕೆಳಗಡೆ ಒಂದು ಕಡೆ ಕೆಂಪು ತುಕ್ಕು ಇದೆ, ಎಡಗಡೆ ಒಂದು ಪೆಟ್ಟಿನ ಗುರುತು ಇದೆ ಅಂತ ಅವರೇ ಬರೆದಿದ್ರು. ನಾನು ಕೇಳೇ ಇರ್ಲಿಲ್ಲ. ಹಿಂಗೆ ಕುಂದು ಮೊದಲೇ ಹೇಳೋರು ಸಿಕ್ಕಿದ್ರೆ ಬಿಡ್ಬೇಡಿ.

ಈಗ ವಸ್ತು. ಅಡ್ಡಗಲ 7.8 ಸೆಂಟಿಮೀಟರ್, ಅಂಚಲ್ಲಿ ದಪ್ಪ 5 ಮಿಲಿಮೀಟರ್, ವರ್ನಿಯರ್ ಹಾಕಿ ನೋಡಿದ್ದು. ಒಂದು ಕೊಕ್ಕರೆ ರೆಕ್ಕೆ ಎರಡೂ ಬಿಚ್ಚಿ ಗುಂಡಗೆ ಬಾಗಿದೆ, ರೆಕ್ಕೆ ತುದೀನೇ ಬಿಲ್ಲೆಯ ಅಂಚಾಗಿ ಸೇರ್ಕೊಂಡಿದೆ, ಉಳಿದಿದ್ದೆಲ್ಲಾ ಕತ್ತರಿಸಿ ತೆಗ್ದಿದಾರೆ. ಇಂಥ ಜಾಲಂದ್ರ ಕೆಲಸಕ್ಕೆ ಸುಕಾಶಿ ಅಂತಾರೆ. ನಡುವೆ ಅಲಗಿನ ಬಾಲ ತೂರೋ ತೂತು, ಅದರ ಒಂದು ಪಕ್ಕ ಅರ್ಧಚಂದ್ರದ ತೂತು ಒರೆಯಲ್ಲಿ ಸಿಗಿಸೋ ಸಣ್ಣ ಚಾಕೂಗೆ, ಇನ್ನೊಂದು ಪಕ್ಕದ್ದು ಕೂದಲು ಸರಿ ಮಾಡ್ಕೊಳೋ ಕಡ್ಡಿಗೆ. ನನಗೆ ತುಂಬಾ ಇಷ್ಟ ಆಗಿದ್ದು ನಡುತೂತಿನ ಮೇಲೆ ಕೆಳಗೆ ಕೂರಿಸಿರೋ ಎರಡು ತಾಮ್ರದ ತುಂಡು. ಅಲಗು ಬದಲಾದಾಗ ಅಲುಗಾಡದಂಗೆ ಬಿಗಿ ಮಾಡೋಕೆ ಹಾಕೋದು ಅದು, ಅಂದ್ರೆ ಇದು ಗೋಡೆಗೆ ನೇತಾಕೋಕೆ ಮಾಡಿದ್ದಲ್ಲ, ಯಾರೋ ಸೊಂಟದಲ್ಲಿ ಕಟ್ಕೊಂಡು ಓಡಾಡಿದಾರೆ.

ನಮ್ಮೂರಲ್ಲಿ ಕುಲುಮೆ ಇಟ್ಟಿರೋ ಆಚಾರ್ರಿಗೆ ತೋರಿಸಿದೆ. ಜಪಾನು ಅಂತ ಹೇಳ್ಲೇ ಇಲ್ಲ. ದಾರ ಕಟ್ಟಿ ನೇತಾಡಿಸಿ ಉಗುರಲ್ಲಿ ತಟ್ಟಿ ಕಿವಿ ಹತ್ರ ಹಿಡ್ಕೊಂಡ್ರು, ಆಮೇಲೆ ಅಂಚಿನ ಮೇಲೆ ಹೆಬ್ಬೆರಳು ನಿಧಾನಕ್ಕೆ ಆಡಿಸಿ "ಬಡಿದಿರೋ ಕಬ್ಬಿಣ ಕಣಪ್ಪ, ಇಲ್ನೋಡು ಗಟ್ಟಿ ಗಂಟು ಸಿಗುತ್ತೆ" ಅಂದ್ರು. ಆ ಗಂಟಿಗೇ ಅಲ್ಲಿ ತೆಕ್ಕೊತ್ಸು ಅಂತಾರೆ, ಕಬ್ಬಿಣದ ಮೂಳೆ ಅಂತ ಅರ್ಥ. ಅದು ಗೊತ್ತಿಲ್ದೇನೇ ಆಚಾರ್ರ ಬೆರಳು ಸೀದಾ ಅಲ್ಲಿಗೇ ಹೋಯ್ತು, ನಂಗೆ ಮೈ ಜುಮ್ಮಂತು. ಆದ್ರೆ ಸದ್ದೊಂದನ್ನೇ ನಂಬ್ಬೇಡಿ, ಅಂಚು ಮತ್ತೆ ತೂತಿನ ಒಳಮೈ ನೋಡ್ಲೇಬೇಕು.

ಕೆಂಪು ತುಕ್ಕು ಇತ್ತಲ್ಲ, ಅದಕ್ಕೆ ಕುರಿ ಮೂಳೆ ಬೇಯಿಸಿ ಒಣಗಿಸಿ ಚೂಪು ಮಾಡ್ಕೊಂಡು ದಿನಾ ಹತ್ತು ನಿಮಿಷ ಕೆರೆದು ಕಾಟನ್ ಬಟ್ಟೇಲಿ ಒರೆಸಿದೆ, ಈಗ ಮುಕ್ಕಾಲು ಭಾಗ ಹೋಗಿದೆ. ದಯವಿಟ್ಟು ಯಾರೂ ಎಮರಿ ಪೇಪರ್, ತುಕ್ಕು ತೆಗೆಯೋ ಆಸಿಡ್ಡು ಹಾಕ್ಬೇಡಿ. ಆ ಕಪ್ಪು ಮೈ ಇನ್ನೂರು ಮುನ್ನೂರು ವರ್ಷದಲ್ಲಿ ಕೂತಿರೋದು, ಒಂದ್ಸಲ ಹೋದ್ರೆ ಬೆಲೇನೂ ಹೋಯ್ತು ಅಂದವೂ ಹೋಯ್ತು.

ಸರ್ಟಿಫಿಕೇಟ್ ಬೇಕು ಅನ್ನೋರು ಎನ್‌ಬಿಟಿಎಚ್‌ಕೆ (ಜಪಾನಿನ ಕತ್ತಿ ಸಂರಕ್ಷಣಾ ಸಂಘ) ಕೊಡೋ ಹೊಜೋನ್, ಅಂದ್ರೆ ಕಾಪಾಡೋಕೆ ಯೋಗ್ಯ ಅನ್ನೋ ಕಾಗದ ಇರೋದನ್ನೇ ಹುಡುಕಿ, ದುಡ್ಡು ಜಾಸ್ತಿ ಬೀಳುತ್ತೆ ಅಷ್ಟೆ. 1876ರಲ್ಲಿ ಸಮುರಾಯ್‌ಗಳು ಕತ್ತಿ ಕಟ್ಕೊಂಡು ಓಡಾಡಂಗಿಲ್ಲ ಅಂತ ಸರ್ಕಾರ ಆಜ್ಞೆ ಹೊರಡಿಸಿದ ಮೇಲೆ ಇಂಥವು ರಾಶಿ ರಾಶಿ ಪರದೇಶಕ್ಕೆ ಮಾರಾಟ ಆದ್ವು, ಅದಕ್ಕೇ ನಮ್ಮಂಥೋರ ಕೈಗೂ ಎಟುಕ್ತಿವೆ.

ಬೇಜಾರಾಗಿದ್ದು ಪ್ಯಾಕಿಂಗು. ಮರದ ಡಬ್ಬಿ ಸುತ್ತ ಒಂದೇ ಸುತ್ತು ಬಬಲ್ ಶೀಟು, ಮುಚ್ಚಳದ ಮೂಲೆ ಬಿರುಕು ಬಿಟ್ಟು ಬಂತು. ಹೇಳಿದ್ದಕ್ಕೆ ಸಾರಿ ಅಂದ್ರು, ಡಬ್ಬಿ ಬದಲಿಸಿ ಕೊಡ್ಲಿಲ್ಲ. ಅದಕ್ಕೇ ಐದಕ್ಕೆ ನಾಲ್ಕು.

ಮುಂದಿನದೂ ಅವರ ಹತ್ರಾನೇ, ಶಕುದೋ ಅನ್ನೋ ಮಿಶ್ರಲೋಹದ್ದು ನೋಡಿಟ್ಟಿದೀನಿ. ತಾಮ್ರಕ್ಕೆ ನೂರಕ್ಕೆ ಮೂರ್ನಾಲ್ಕು ಭಾಗ ಚಿನ್ನ ಬೆರೆಸಿ ಔಷಧಿ ನೀರಲ್ಲಿ ಕುದಿಸಿದ್ರೆ ನೇರಳೆ ಹಣ್ಣಿನಂಥ ಕಪ್ಪು ಬರುತ್ತೆ, ಚಿನ್ನ ಮಾತ್ರ ಕಣ್ಣಿಗೇ ಬೀಳಲ್ಲ. ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಇಳಿದು ದುಡಿದೋರು, ಅವರಿದ್ದಿದ್ರೆ ಮೊದಲು ಅವರ ಅಂಗೈ ಮೇಲೆ ಇಡ್ತಿದ್ದೆ.