'ಪ್ರಿನ್ಸೆಸ್ ಮೊನೊನೊಕೆ' ಬ್ಲೂ-ರೇ: ಕಾಡಿನ ದೈವಗಳ ಕಥನ

ಹಯಾವೊ ಮಿಯಾಜಾಕಿ ನಿರ್ದೇಶಿಸಿದ, ಸ್ಟುಡಿಯೊ ಘಿಬ್ಲಿಯ ಈ 1997ರ ಅನಿಮೇಷನ್ ಚಿತ್ರದ ಬ್ಲೂ-ರೇ ಡಿಸ್ಕ್, ಜಪಾನಿನ ಪುರಾಣಕಲ್ಪನೆಯಲ್ಲಿ ಆಸಕ್ತಿಯುಳ್ಳವರು ಕೊಂಡು ಇಟ್ಟುಕೊಳ್ಳಬೇಕಾದದ್ದು. ಹಗಲಿನಲ್ಲಿ ಮನುಷ್ಯಮುಖದ ಜಿಂಕೆಯಾಗಿ, ಇರುಳಿನಲ್ಲಿ ಮರಗಳನ್ನು ಮೀರಿದ ಮಹಾಕಾಯನಾಗಿ ಸಂಚರಿಸುವ ವನದೈವ ಶಿಶಿಗಾಮಿ ಕಾಲೂರಿದಲ್ಲೆಲ್ಲ ಹುಲ್ಲು, ಹೂವು ಚಿಗುರಿ, ಕಾಲೆತ್ತಿದೊಡನೆ ಬಾಡಿಹೋಗುತ್ತವೆ. ಹುಟ್ಟು ಸಾವುಗಳೆರಡೂ ಒಂದೇ ದೈವದ ಅಧೀನವೆಂಬುದನ್ನು ಮಾತಿಲ್ಲದೆ ಕಾಣಿಸುವ ಈ ಕ್ಷಣಗಳೇ ನನ್ನ ದೃಷ್ಟಿಯಲ್ಲಿ ಚಿತ್ರದ ಶಿಖರ. ಮರಗಳ ಆತ್ಮಗಳಾದ ಬಿಳಿಯ ಕೊದಾಮಗಳು ತಲೆಯನ್ನು ಗಿಲಕಿಯಂತೆ ಕಟಕಟಿಸುತ್ತ ಕಾಡಿನ ಆರೋಗ್ಯವನ್ನು ಸಾರುತ್ತವೆ. ಕಾಡು ಕಡಿದು ಕಬ್ಬಿಣ ಕರಗಿಸುವ ಎಬೊಶಿಯನ್ನು ರಾಕ್ಷಸಿಯಾಗಿಸದೆ, ಕುಷ್ಠರೋಗಿಗಳಿಗೆ ಆಸರೆಯಿತ್ತವಳಾಗಿಯೂ ಚಿತ್ರಿಸಿರುವುದು, ಪುರಾಣವನ್ನು ಹೀಗೂ ಪ್ರಬುದ್ಧವಾಗಿ ಬಳಸಬಹುದೆಂಬುದಕ್ಕೆ ಸಾಕ್ಷಿ. ಕೈ, ತಲೆ ಕತ್ತರಿಸಿಹೋಗುವ ದೃಶ್ಯಗಳಿರುವುದರಿಂದ ಚಿಕ್ಕ ಮಕ್ಕಳಿಗೆ ತೋರಿಸಬಾರದು; ಉಳಿದವರು ಜಪಾನಿ ಧ್ವನಿಯಲ್ಲೇ, ಸಬ್‌ಟೈಟಲ್ ಇಟ್ಟುಕೊಂಡು ನೋಡಬೇಕು.